ಬುರಿಟೊ ಬಟ್ಟಲಿನಲ್ಲಿ ಉಷ್ಣಶಾಸ್ತ್ರ

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳನ್ನು ಹಿಸುಕಿ ನೋಡಿದರೆ ಸಾಕು ಎಂಬುದು ನಮ್ಮಲ್ಲಿ ಬಹು ಹಳೆಯ ಮಾತು. ಈ ಪರೀಕ್ಷೆಯ ಹಿಂದೆ ಭೌತಶಾಸ್ತ್ರದ ಒಂದು ಊಹೆ ಅಡಗಿದೆ. ಕುದಿಯುವ ನೀರಿನಲ್ಲಿರುವ ಅಗುಳುಗಳೆಲ್ಲವೂ ಸುಮಾರಾಗಿ ಒಂದೇ ಗಾತ್ರದವು. ಎಲ್ಲವೂ ಒಂದೇ ಉಷ್ಣತೆಯಲ್ಲಿ ಒಂದೇ ಕಾಲದವರೆಗೆ ಇದ್ದವು. ಆದುದರಿಂದ ಒಂದು ಅಗುಳಿನ ಸ್ಥಿತಿಯೇ ಎಲ್ಲ ಅಗುಳುಗಳ ಸ್ಥಿತಿ. ಅನ್ನದ ಮಟ್ಟಿಗೆ ಈ ಊಹೆ ಸರಿಯಾದುದೇ. ಆದರೆ ಅಡಿಗೆಯ ಎಲ್ಲ ಪದಾರ್ಥಗಳಿಗೂ ಇದನ್ನು ಅನ್ವಯಿಸಲಾಗದು. ಕೋಳಿಮಾಂಸದ ದಪ್ಪ ತುಂಡೊಂದರ ಹೊರಮೈ ಕಂದುಬಣ್ಣಕ್ಕೆ ತಿರುಗಿ ಪರಿಮಳ ಬೀರುತ್ತಿರುವಾಗಲೂ ಅದರ ಒಳಭಾಗ ಹಸಿಯಾಗಿಯೇ ಉಳಿದಿರಬಹುದು. ಕಣ್ಣು, ಮೂಗು, ನಾಲಿಗೆಗಳು ಹೇಳುವ ಸಾಕ್ಷ್ಯ ಒಂದಾದರೆ ಉಷ್ಣಮಾಪಕವು ಹೇಳುವುದು ಇನ್ನೊಂದಾಗಬಹುದು. ಇಂತಹ ಸಂದರ್ಭಗಳಲ್ಲಿ ಯಾರ ಮಾತನ್ನು ನಂಬಬೇಕು? ಇದನ್ನು ವಿಚಾರಮಾಡಲು ನಾವು ಈ ಲೇಖನದಲ್ಲಿ ಪರದೇಶದ ಒಂದು ಸುಲಭವಾದ ತಿನಿಸನ್ನು ಆರಿಸಿಕೊಂಡಿದ್ದೇವೆ. ಅದೇ ಚಿಕನ್ ಬುರಿಟೊ ಬಟ್ಟಲು.

ಹೆಸರು ಮತ್ತು ಹಿನ್ನೆಲೆ

ಬುರಿಟೊ ಎಂಬುದು ಸ್ಪಾನಿಷ್ ಭಾಷೆಯ ಪದ. 'ಚಿಕ್ಕ ಕತ್ತೆ' ಎಂದು ಅದರ ಅರ್ಥ. ಮೆಕ್ಸಿಕೊ ದೇಶದಲ್ಲಿ, ಅದರಲ್ಲಿಯೂ ಗೋಧಿಯ ರೊಟ್ಟಿ ಬಳಕೆಯಲ್ಲಿರುವ ಉತ್ತರಭಾಗದಲ್ಲಿ, ತೆಳುವಾದ ರೊಟ್ಟಿಯೊಳಗೆ ಮಾಂಸ, ಕಾಳು ಮೊದಲಾದುವನ್ನಿಟ್ಟು ಸುತ್ತಿದ ತಿನಿಸಿಗೆ ಈ ಹೆಸರು ಬಂದಿದೆ. 1895ರಲ್ಲಿ ಪ್ರಕಟವಾದ ಮೆಕ್ಸಿಕೊ ದೇಶದ ಪದಗಳ ನಿಘಂಟಿನಲ್ಲಿ ಬುರಿಟೊ ತಿನಿಸಿನ ಹೆಸರಾಗಿ ಆಗಲೇ ಕಾಣಿಸಿಕೊಂಡಿದೆ. ಮುಂದೆ ಅದು ಗಡಿ ದಾಟಿ ಅಮೆರಿಕ ಸಂಯುಕ್ತ ಸಂಸ್ಥಾನವನ್ನು ಸೇರಿತು. 1960ರ ದಶಕದಲ್ಲಿ ಸಾನ್ ಫ್ರಾನ್ಸಿಸ್ಕೊ ನಗರದ ಅಂಗಡಿಗಳಲ್ಲಿ ಅನ್ನವನ್ನೂ ತುಂಬಿಕೊಂಡು ಗಾತ್ರದಲ್ಲಿ ಬೆಳೆಯಿತು. ಕೊನೆಗೆ ರೊಟ್ಟಿಯನ್ನೇ ಬಿಟ್ಟು ಒಳಗಿನ ಪದಾರ್ಥಗಳನ್ನು ಮಾತ್ರ ಬಟ್ಟಲಿಗೆ ಬಡಿಸಿಕೊಳ್ಳುವ ಪದ್ಧತಿ ಆ ದೇಶದಲ್ಲಿ ಹುಟ್ಟಿಕೊಂಡಿತು. ಹೋಳಿಗೆಯ ಕಣಕವನ್ನು ಬಿಟ್ಟು ಹೂರಣವನ್ನು ಮಾತ್ರ ತಿಂದಂತೆ ಎಂದು ಇದನ್ನು ವರ್ಣಿಸಬಹುದು.

ಈ ಬಟ್ಟಲಿನಲ್ಲಿ ಎರಡು ಭೂಖಂಡಗಳು ಕೂಡಿವೆ. ಬೀನ್ಸ್ ಕಾಳು, ಮುಸುಕಿನ ಜೋಳ, ಟೊಮೇಟೊ, ಮೆಣಸಿನಕಾಯಿ, ಆವಕಾಡೊ ಇವು ಮೆಕ್ಸಿಕೊದ ಜನ ಬಹು ಪ್ರಾಚೀನ ಕಾಲದಿಂದ ಬೆಳೆದುಕೊಂಡು ಬಂದ ಬೆಳೆಗಳು. ಟೊಮೇಟೊ, ಆವಕಾಡೊ ಎಂಬ ಹೆಸರುಗಳೇ ಅಲ್ಲಿಯ ನಾವಾಟ್ಲ್ ಭಾಷೆಯಿಂದ ಬಂದವು. ಅಕ್ಕಿ, ಕೋಳಿ, ಈರುಳ್ಳಿ, ಕೊತ್ತಂಬರಿ, ನಿಂಬೆ, ಜೀರಿಗೆ ಇವು 1492ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟಿದ ಮೇಲೆ ಈ ಕಡೆಯಿಂದ ಆ ಕಡೆಗೆ ಹೋದವು. ಅತ್ತಲಿಂದ ಪೋರ್ಚುಗೀಸರ ಮೂಲಕ ನಮ್ಮ ನಾಡಿಗೆ ಬಂದ ಹೊಸ ಕಾಯಿಗೆ, ಮೆಣಸನ್ನು ಮಾತ್ರ ಅರಿತಿದ್ದ ನಮ್ಮ ಹಿರಿಯರು ಮೆಣಸಿನಕಾಯಿ ಎಂದು ಹೆಸರಿಟ್ಟರು. ಆವಕಾಡೊ ಈಗ ಕೊಡಗಿನ ಕಾಫಿತೋಟಗಳಲ್ಲಿಯೂ ಬೆಳೆಯುತ್ತದೆ. ನಮ್ಮಲ್ಲಿ ಅದಕ್ಕೆ ಬೆಣ್ಣೆಹಣ್ಣು ಎಂಬ ಒಪ್ಪುವ ಹೆಸರೂ ಇದೆ. ಹೀಗೆ, ತಿನಿಸು ಪರದೇಶದ್ದಾದರೂ ಅದಕ್ಕೆ ಬೇಕಾದುದೆಲ್ಲ ನಮ್ಮ ಪೇಟೆಯಲ್ಲಿಯೇ ದೊರೆಯುತ್ತದೆ.

ಬೇಕಾಗುವ ಪದಾರ್ಥಗಳು

ಮೂವರಿಗೆ ಸಾಕಾಗುವಷ್ಟು ಮಾಡಲು ಉದ್ದಕಾಳಿನ ಅಕ್ಕಿ 200 ಗ್ರಾಂ, ಮೂಳೆಯಿಲ್ಲದ ಕೋಳಿಮಾಂಸ 300 ಗ್ರಾಂ, ರಾಜ್ಮಾ ಕಾಳು 100 ಗ್ರಾಂ, ಬೇಯಿಸಿದ ಮುಸುಕಿನ ಜೋಳದ ಕಾಳು ಒಂದು ಹಿಡಿ, ಟೊಮೇಟೊ 2, ಈರುಳ್ಳಿ 1, ಬೆಣ್ಣೆಹಣ್ಣು 1, ನಿಂಬೆಹಣ್ಣು 2, ಹಸಿಮೆಣಸಿನಕಾಯಿ 1, ಬೆಳ್ಳುಳ್ಳಿ ನಾಲ್ಕು ಎಸಳು, ಮೆಣಸಿನಪುಡಿ ಮತ್ತು ಜೀರಿಗೆಪುಡಿ ಒಂದೊಂದು ಟೀ ಚಮಚ, ಕೊತ್ತಂಬರಿಸೊಪ್ಪು, ಗಟ್ಟಿ ಮೊಸರು, ಎಣ್ಣೆ ಮತ್ತು ಉಪ್ಪು. ಮೆಕ್ಸಿಕೊದಲ್ಲಿ ಕಪ್ಪು ಬೀನ್ಸ್ ಕಾಳನ್ನು ಹೆಚ್ಚಾಗಿ ಬಳಸುತ್ತಾರೆ. ರಾಜ್ಮಾ ಅದೇ ಸಸ್ಯಜಾತಿಗೆ ಸೇರಿದುದು. ಮಾಂಸ ತಿನ್ನದವರು ಕೋಳಿಯನ್ನು ಬಿಟ್ಟು ಕಾಳನ್ನೇ ಎರಡರಷ್ಟು ಮಾಡಿಕೊಳ್ಳಬಹುದು. ಈ ಲೇಖನದಲ್ಲಿ ಬರುವ ಉಷ್ಣತೆಗಳೆಲ್ಲವೂ ಸೆಲ್ಸಿಯಸ್ ಮಾನದವು.

ಕಾಳು: ಒತ್ತಡದ ಉಪಯೋಗ

ಹೆಚ್ಚು ಹೊತ್ತು ಹಿಡಿಯುವುದು ಕಾಳು. ಆದುದರಿಂದ ಅದರಿಂದಲೇ ಆರಂಭಿಸೋಣ. ಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಿ, ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಹೊಸ ನೀರು ಹಾಕಿ ಕುಕ್ಕರಿನಲ್ಲಿಡಬೇಕು. ಮೊದಲನೆಯ ಕೂಗು ಬಂದ ಮೇಲೆ ಉರಿಯನ್ನು ಸಣ್ಣದು ಮಾಡಿ 15ರಿಂದ 20 ನಿಮಿಷ ಬೇಯಿಸಿದರೆ ಸಾಕು.

ತೆರೆದ ಪಾತ್ರೆಯಲ್ಲಿ ಇದೇ ಕೆಲಸಕ್ಕೆ ಗಂಟೆಗಟ್ಟಲೆ ಕಾಲ ಬೇಕಾಗುವುದು. ಏಕೆ? ನೀರು ಕುದಿಯತೊಡಗಿದ ಮೇಲೆ ಉರಿಯನ್ನು ಎಷ್ಟು ಹೆಚ್ಚಿಸಿದರೂ ಅದರ ಉಷ್ಣತೆ ಏರುವುದಿಲ್ಲ. ಹೆಚ್ಚಿನ ಶಾಖವೆಲ್ಲವೂ ನೀರನ್ನು ಆವಿಯಾಗಿ ಮಾಡುವುದರಲ್ಲಿ ವೆಚ್ಚವಾಗುತ್ತದೆ. ಕುದಿಯುವ ಉಷ್ಣತೆಯನ್ನು ನಿರ್ಣಯಿಸುವುದು ಉರಿಯಲ್ಲ, ನೀರಿನ ಮೇಲಿರುವ ವಾಯುವಿನ ಒತ್ತಡ. ಸಮುದ್ರಮಟ್ಟದಲ್ಲಿ ಅದು 100 ಡಿಗ್ರಿ. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಸುಮಾರು 97 ಡಿಗ್ರಿ. 2,240 ಮೀಟರ್ ಎತ್ತರದ ಮೆಕ್ಸಿಕೊ ನಗರದಲ್ಲಿ ಸುಮಾರು 93 ಡಿಗ್ರಿ ಮಾತ್ರ. ಬೀನ್ಸ್ ಕಾಳಿನ ತವರಿನಲ್ಲಿಯೇ ಅದು ಬೇಯುವುದು ಇಷ್ಟು ನಿಧಾನ! 1679ರಲ್ಲಿ ಡೆನಿ ಪಾಪ್ಯಾ ಎಂಬ ಫ್ರೆಂಚ್ ವಿಜ್ಞಾನಿಯು ಮುಚ್ಚಳವನ್ನು ಬಿಗಿದ ಪಾತ್ರೆಯೊಳಗೆ ಆವಿಯನ್ನು ಹಿಡಿದಿಟ್ಟು ಈ ತೊಡಕನ್ನು ಪರಿಹರಿಸಿದನು. ನಮ್ಮ ಇಂದಿನ ಕುಕ್ಕರು ಆತನ ಪಾತ್ರೆಯ ವಂಶದ್ದೇ. ಅದರೊಳಗಿನ ಒತ್ತಡವು ಹೊರಗಿನದಕ್ಕಿಂತ ಇನ್ನೊಂದು ವಾಯುಮಂಡಲದಷ್ಟು ಹೆಚ್ಚಾದಾಗ ನೀರಿನ ಉಷ್ಣತೆ ಸುಮಾರು 120 ಡಿಗ್ರಿಗೆ ಏರುತ್ತದೆ.

ಇದು ಕೇವಲ ಕಾಲದ ಉಳಿತಾಯವಲ್ಲ. ಹಸಿ ರಾಜ್ಮಾ ಕಾಳಿನಲ್ಲಿ ಲೆಕ್ಟಿನ್ ವರ್ಗಕ್ಕೆ ಸೇರಿದ ಒಂದು ವಿಷಕಾರಿ ಪ್ರೋಟೀನು ಇದೆ. ನಾಲ್ಕೈದು ಹಸಿಕಾಳುಗಳು ಹೊಟ್ಟೆಗೆ ಹೋದರೂ ಕೆಲವು ಗಂಟೆಗಳಲ್ಲಿ ತೀವ್ರವಾದ ವಾಂತಿಭೇದಿ ಆರಂಭವಾಗಬಹುದು. 2006ರಲ್ಲಿ ಜಪಾನಿನ ಒಂದು ದೂರದರ್ಶನ ಕಾರ್ಯಕ್ರಮದಲ್ಲಿ, ಬಿಳಿಯ ಬೀನ್ಸ್ ಕಾಳನ್ನು ಕೆಲವೇ ನಿಮಿಷ ಹುರಿದು ಪುಡಿಮಾಡಿ ಅನ್ನದೊಡನೆ ತಿನ್ನುವ ಕ್ರಮವನ್ನು ತೋರಿಸಲಾಯಿತು. ಅದನ್ನು ಅನುಸರಿಸಿದ ನೂರಕ್ಕೂ ಮಿಕ್ಕ ಜನ ಅಸ್ವಸ್ಥರಾದರು. ಹುರಿದ ಕಾಳಿನ ಕಂಪಿನಿಂದ ಅದರ ಒಳಗಿನ ಸ್ಥಿತಿಯನ್ನು ಅವರು ತಿಳಿಯುವಂತಿರಲಿಲ್ಲ. ಕನಿಷ್ಠಪಕ್ಷ ಹತ್ತು ನಿಮಿಷ ಚೆನ್ನಾಗಿ ಕುದಿಸಿದರೆ ಈ ಪ್ರೋಟೀನು ನಾಶವಾಗುವುದು. ಮೂವತ್ತು ನಿಮಿಷ ಕುದಿಸುವುದು ಇನ್ನೂ ಕ್ಷೇಮ. ಆದರೆ 80 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟರೂ ಅದು ಉಳಿದುಕೊಳ್ಳಬಲ್ಲುದು. ನಿಧಾನವಾಗಿ ಬೇಯಿಸುವ ವಿದ್ಯುತ್ ಪಾತ್ರೆಗಳಲ್ಲಿ ಕಾಳು ಮೆತ್ತಗಾದರೂ ಅಪಾಯ ತಪ್ಪಿರದು. ಇಲ್ಲಿ ಬೆರಳಿನ ಪರೀಕ್ಷೆ ಸಾಲದು.

ಅನ್ನ: ನೀರಿನ ಲೆಕ್ಕ

ಅಕ್ಕಿಯನ್ನು ತೊಳೆದು, ಒಂದು ಅಳತೆಗೆ ಎರಡು ಅಳತೆ ನೀರು ಹಾಕಿ, ಮುಚ್ಚಿ, ಸಣ್ಣ ಉರಿಯಲ್ಲಿ ಬೇಯಿಸಬೇಕು. ಬೆಂದ ಮೇಲೆ ಹತ್ತು ನಿಮಿಷ ಹಾಗೆಯೇ ಬಿಟ್ಟು, ನಿಂಬೆಯ ರಸ, ಉಪ್ಪು, ಹೆಚ್ಚಿದ ಕೊತ್ತಂಬರಿಸೊಪ್ಪುಗಳನ್ನು ಹಾಕಿ ಮೆಲ್ಲಗೆ ಉದುರುದುರಾಗುವಂತೆ ಬೆರೆಸಬೇಕು.

ಅಕ್ಕಿಯ ಪಿಷ್ಟದ ಕಣಗಳು ತಣ್ಣೀರನ್ನು ಹೀರುವುದು ಅಲ್ಪ. ಉಷ್ಣತೆ ಸುಮಾರು 65ರಿಂದ 75 ಡಿಗ್ರಿಗೆ ಏರಿದಾಗ ಅವುಗಳ ಒಳರಚನೆ ಸಡಿಲಗೊಂಡು, ನೀರನ್ನು ಕುಡಿದು ಉಬ್ಬುತ್ತವೆ. ಹೀಗೆ ಅಕ್ಕಿಯು ಹೀರಿಕೊಳ್ಳುವ ನೀರು ಸುಮಾರಾಗಿ ತನ್ನ ಗಾತ್ರದಷ್ಟೇ. ನಾವು ಹಾಕಿದ ಉಳಿದ ನೀರು ಎಲ್ಲಿ ಹೋಯಿತು? ಆವಿಯಾಗಿ ಹೋಯಿತು. ಈ ನಷ್ಟವು ಪಾತ್ರೆಯ ಬಾಯಿ, ಮುಚ್ಚಳ, ಬೇಯಿಸುವ ಕಾಲ ಇವನ್ನು ಅವಲಂಬಿಸಿದೆಯೇ ಹೊರತು ಅಕ್ಕಿಯ ಮೊತ್ತವನ್ನಲ್ಲ. ಹತ್ತು ಜನರಿಗೆ ಅನ್ನ ಮಾಡುವಾಗಲೂ ಇದೇ ಪ್ರಮಾಣದಲ್ಲಿ ನೀರು ಹಾಕಿದರೆ ಅನ್ನ ಮುದ್ದೆಯಾಗುವುದು ಈ ಕಾರಣದಿಂದಲೇ. ನಮ್ಮ ತಾಯಂದಿರು ಅಕ್ಕಿಯ ಮೇಲೆ ಬೆರಳಿಟ್ಟು ಇಷ್ಟು ಗೆಣ್ಣು ನೀರು ಎಂದು ಅಳೆಯುವುದರಲ್ಲಿ ಈ ತಿಳಿವಳಿಕೆ ಅಡಕವಾಗಿದೆ.

ಕೋಳಿ: ದಪ್ಪದ ವರ್ಗ

ಈಗ ಬಟ್ಟಲಿನ ಮುಖ್ಯ ಪದಾರ್ಥಕ್ಕೆ ಬರೋಣ. ಕೋಳಿಮಾಂಸವನ್ನು ಒಂದೂವರೆ ಸೆಂಟಿಮೀಟರಿಗಿಂತ ದಪ್ಪವಾಗದಂತೆ ಕೊಯ್ದು, ಮೆಣಸಿನಪುಡಿ, ಜೀರಿಗೆಪುಡಿ, ಜಜ್ಜಿದ ಬೆಳ್ಳುಳ್ಳಿ, ನಿಂಬೆಯ ರಸ, ಉಪ್ಪು ಸವರಿ ಅರ್ಧ ಗಂಟೆ ತಂಪಾದ ಪೆಟ್ಟಿಗೆಯಲ್ಲಿಡಬೇಕು. ಅನಂತರ ದಪ್ಪ ತಳದ ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ತುಂಡುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ, ಎರಡು ಮಗ್ಗುಲಲ್ಲಿಯೂ ನಾಲ್ಕು ನಾಲ್ಕು ನಿಮಿಷ ಬೇಯಿಸಿ, ಮುಚ್ಚಿ ಮತ್ತೆ ಕೆಲವು ನಿಮಿಷ ಬಿಡಬೇಕು.

ದಪ್ಪದ ವಿಷಯದಲ್ಲಿ ಇಷ್ಟು ಎಚ್ಚರಿಕೆ ಏಕೆ? ಘನಪದಾರ್ಥದೊಳಗೆ ಶಾಖವು ಪದರದಿಂದ ಪದರಕ್ಕೆ ಸಾಗಬೇಕು. ತುಂಡಿನ ದಪ್ಪ ಎರಡರಷ್ಟಾಯಿತೆನ್ನಿ. ಆಗ ಕಾಯಿಸಬೇಕಾದ ಮಾಂಸ ಎರಡರಷ್ಟಾಗುತ್ತದೆ. ಅಷ್ಟೇ ಅಲ್ಲ, ಶಾಖವು ಹಾಯಬೇಕಾದ ದೂರವೂ ಎರಡರಷ್ಟಾಗುವುದರಿಂದ ಅದು ಹರಿಯುವ ವೇಗ ಅರ್ಧಕ್ಕೆ ಇಳಿಯುತ್ತದೆ. ಇವೆರಡೂ ಸೇರಿ ಕಾಲವು ನಾಲ್ಕರಷ್ಟಾಗುತ್ತದೆ. ಎಂದರೆ, ಮಧ್ಯಭಾಗ ಬೇಯಲು ಬೇಕಾಗುವ ಕಾಲವು ದಪ್ಪದ ವರ್ಗಕ್ಕೆ ಅನುಪಾತದಲ್ಲಿದೆ. ಶಾಖವಹನದ ಈ ಗಣಿತವನ್ನು ಫ್ರಾನ್ಸಿನ ಫೂರಿಯೆ 1822ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಿರೂಪಿಸಿದನು. ಎರಡು ಮಗ್ಗುಲಿನಿಂದಲೂ ಶಾಖ ಒಳಹೊಗುತ್ತದೆಂದು ಭಾವಿಸಿ ನಾವು ಸ್ಥೂಲವಾಗಿ ಲೆಕ್ಕಹಾಕಿದರೆ, 1 ಸೆಂಟಿಮೀಟರ್ ದಪ್ಪದ ತುಂಡಿಗೆ ಸುಮಾರು 3 ನಿಮಿಷ, 2 ಸೆಂಟಿಮೀಟರಿಗೆ 12 ನಿಮಿಷ, 4 ಸೆಂಟಿಮೀಟರಿಗೆ 48 ನಿಮಿಷ ಬೇಕು. ಒಂದೇ ಬಾಣಲೆಯಲ್ಲಿ ತೆಳುವಾದ ತುಂಡೂ ದಪ್ಪನಾದ ತುಂಡೂ ಕೂಡಿದ್ದರೆ, ಒಂದನ್ನು ಹಿಸುಕಿ ಇನ್ನೊಂದರ ಸ್ಥಿತಿಯನ್ನು ಹೇಳುವುದು ಅಸಾಧ್ಯ. ಆರಂಭದಲ್ಲಿ ಹೇಳಿದ ಅಗುಳಿನ ನ್ಯಾಯ ಇಲ್ಲಿ ಸೋಲುತ್ತದೆ.

ಮಧ್ಯಭಾಗ ತಲುಪಬೇಕಾದ ಉಷ್ಣತೆ 74 ಡಿಗ್ರಿ. ಹಸಿಕೋಳಿಯಲ್ಲಿ ಇರಬಹುದಾದ ಸಾಲ್ಮೊನೆಲ್ಲ ಮೊದಲಾದ ರೋಗಾಣುಗಳು 60 ಡಿಗ್ರಿಯಲ್ಲಿ ಸಾಯಲು ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. 74ರಲ್ಲಿ ಕೆಲವೇ ಕ್ಷಣಗಳು ಸಾಕು. ಇದಕ್ಕಿಂತ ಬಹಳ ಮೇಲಕ್ಕೆ ಹೋದರೆ ಮಾಂಸದ ಪ್ರೋಟೀನುಗಳು ಬಿಗಿದುಕೊಂಡು ತಮ್ಮೊಳಗಿನ ನೀರನ್ನು ಹಿಂಡಿ ಹೊರಹಾಕುವುದರಿಂದ ತುಂಡು ನಾರಿನಂತಾಗುತ್ತದೆ. ಒಳಗಿನ ಗುಲಾಬಿ ಬಣ್ಣ ಹೋದ ಮಾತ್ರಕ್ಕೆ ಬೆಂದಿದೆಯೆಂದು ತಿಳಿಯುವುದು ಸುರಕ್ಷಿತವಲ್ಲ. ಆ ಉಷ್ಣತೆಗೆ ಮುಂಚೆಯೇ ಬಣ್ಣ ಬದಲಾಗಬಹುದು. ಅಡಿಗೆಗೆಂದೇ ಮಾಡಿದ ಚೂಪುತುದಿಯ ಉಷ್ಣಮಾಪಕಗಳು ಈಗ ದೊರೆಯುತ್ತವೆ. ಅದರ ತುದಿಯನ್ನು ಎಲ್ಲಕ್ಕಿಂತ ದಪ್ಪವಾದ ತುಂಡಿನ ನಡುವಿಗೆ ಚುಚ್ಚಿ ನೋಡುವುದೇ ಸರಿಯಾದ ಪರೀಕ್ಷೆ.

ಹಸಿಮಾಂಸವನ್ನು ನಲ್ಲಿಯ ಕೆಳಗೆ ತೊಳೆಯುವ ರೂಢಿ ಅನೇಕ ಮನೆಗಳಲ್ಲಿದೆ. ಇದರಿಂದ ರೋಗಾಣುಗಳು ಸಾಯುವುದಿಲ್ಲ. ಸಿಡಿಯುವ ಹನಿಗಳೊಡನೆ ಸುತ್ತಲಿನ ಪಾತ್ರೆಗಳಿಗೂ ತರಕಾರಿಗಳಿಗೂ ಹರಡುತ್ತವೆ. ನಮ್ಮ ಬಟ್ಟಲಿನಲ್ಲಿ ಹಸಿಯಾಗಿಯೇ ತಿನ್ನುವ ಪದಾರ್ಥಗಳಿರುವುದರಿಂದ ಈ ಮಾತು ಮುಖ್ಯ. ಒಲೆಯ ಮೇಲೆ ಹೋಗುವ ಮಾಂಸಕ್ಕೆ ಶಾಖದ ರಕ್ಷಣೆಯುಂಟು; ಟೊಮೇಟೊ, ಈರುಳ್ಳಿಗಳಿಗೆ ಆ ರಕ್ಷಣೆಯಿಲ್ಲ. ಆದುದರಿಂದ ಮಾಂಸ ಕೊಯ್ದ ಹಲಗೆ, ಚಾಕುಗಳನ್ನು ಸಾಬೂನಿನಿಂದ ತೊಳೆಯದೆ ಅವಕ್ಕೆ ಬಳಸಕೂಡದು.

ಕಂದುಬಣ್ಣದ ಬೆಲೆ

ಬಾಣಲೆಯಲ್ಲಿ ಮಾಂಸ ಕಂದಾಗುವುದೂ ಘಮಘಮಿಸುವುದೂ ಒಂದು ರಾಸಾಯನಿಕ ಕ್ರಿಯೆಯ ಫಲ. 1912ರಲ್ಲಿ ಇದನ್ನು ವಿವರಿಸಿದ ಫ್ರೆಂಚ್ ವಿಜ್ಞಾನಿ ಮೈಯಾರ್‌ನ ಹೆಸರು ಇದಕ್ಕಿದೆ. ಪ್ರೋಟೀನಿನ ಅಂಶಗಳೂ ಸಕ್ಕರೆಗಳೂ ಕೂಡಿ ನಡೆಯುವ ಈ ಕ್ರಿಯೆ ಸುಮಾರು 140 ಡಿಗ್ರಿಯ ಮೇಲೆ ಚುರುಕಾಗುತ್ತದೆ. ಮಾಂಸದ ಮೇಲ್ಮೈ ಒದ್ದೆಯಾಗಿರುವವರೆಗೆ ಅದರ ಉಷ್ಣತೆ 100 ಡಿಗ್ರಿಯನ್ನು ದಾಟಲಾರದು. ಒಂದು ಗ್ರಾಂ ನೀರನ್ನು 30ರಿಂದ 100 ಡಿಗ್ರಿಗೆ ಏರಿಸಲು 70 ಕ್ಯಾಲೊರಿ ಸಾಕು. ಅದನ್ನು ಆವಿಮಾಡಲು ಮತ್ತೆ 540 ಕ್ಯಾಲೊರಿ ಬೇಕು. ತುಂಡುಗಳ ಮೇಲೆ 20 ಗ್ರಾಂ ನೀರು ಅಂಟಿಕೊಂಡಿದ್ದರೆ ಅದನ್ನು ಓಡಿಸಲು 12,200 ಕ್ಯಾಲೊರಿ ಶಾಖ ವ್ಯರ್ಥವಾಗುವುದು. ಅಷ್ಟು ಶಾಖದಿಂದ ದೊಡ್ಡ ಲೋಟ ತುಂಬ ನೀರನ್ನು ಕುದಿಯುವ ಮಟ್ಟಕ್ಕೆ ತರಬಹುದಾಗಿತ್ತು! ಮಸಾಲೆ ಸವರುವ ಮೊದಲು ಮಾಂಸದ ನೀರನ್ನು ಒತ್ತಿ ತೆಗೆಯಬೇಕು, ಬಾಣಲೆಯಲ್ಲಿ ತುಂಡುಗಳನ್ನು ಕಿಕ್ಕಿರಿಸಬಾರದು ಎಂಬ ನಿಯಮಗಳ ಕಾರಣ ಇದೇ.

ಶಾಖವಿಲ್ಲದ ಬಿಸಿ

ಟೊಮೇಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿಗಳನ್ನು ಸಣ್ಣಗೆ ಹೆಚ್ಚಿ ಉಪ್ಪು, ನಿಂಬೆಯ ರಸ ಬೆರೆಸಿದರೆ ನಮ್ಮ ಕೋಸಂಬರಿಯನ್ನು ನೆನಪಿಸುವ ಸಾಲ್ಸಾ ಸಿದ್ಧವಾಗುವುದು. ಬೆಣ್ಣೆಹಣ್ಣಿನ ತಿರುಳನ್ನು ಉಪ್ಪು, ನಿಂಬೆಯ ರಸದೊಡನೆ ಕಿವುಚಿದರೆ ಅದೇ ಗ್ವಾಕಮೊಲೆ. ಹಣ್ಣನ್ನು ಕೊಯ್ದಾಗ ಅದರ ಒಂದು ಕಿಣ್ವವು ಗಾಳಿಯ ಆಮ್ಲಜನಕದೊಡನೆ ವರ್ತಿಸಿ ತಿರುಳನ್ನು ಕಪ್ಪಾಗಿಸುತ್ತದೆ. ನಿಂಬೆಯ ಆಮ್ಲವು ಆ ಕಿಣ್ವದ ವೇಗವನ್ನು ತಗ್ಗಿಸುತ್ತದೆ.

ಸಾಲ್ಸಾವನ್ನು ಒಲೆಯ ಮೇಲೆ ಇಟ್ಟೇ ಇಲ್ಲ. ಆದರೂ ಬಾಯಿ ಸುಡುತ್ತದೆ. ಬಿಸಿಗೂ ಖಾರಕ್ಕೂ ಕನ್ನಡದಲ್ಲಿ ಬೇರೆ ಬೇರೆ ಪದಗಳಿವೆ. ಇಂಗ್ಲಿಷಿನವರು ಎರಡನ್ನೂ 'ಹಾಟ್' ಎನ್ನುತ್ತಾರೆ. ಈ ವಿಷಯದಲ್ಲಿ ನಮ್ಮ ನರಗಳು ಇಂಗ್ಲಿಷಿನವರ ಪಕ್ಷ! ನಾಲಿಗೆಯ ನರಗಳಲ್ಲಿ, ಉಷ್ಣತೆ ಸುಮಾರು 43 ಡಿಗ್ರಿಯನ್ನು ಮೀರಿದಾಗ ಎಚ್ಚರಿಕೆ ಕೊಡುವ ಒಂದು ಗ್ರಾಹಕವಿದೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ಎಂಬ ವಸ್ತು ಇದೇ ಗ್ರಾಹಕವನ್ನು ಕೆರಳಿಸುತ್ತದೆ. ಪದಾರ್ಥ ತಣ್ಣಗಿದ್ದರೂ ಮಿದುಳಿಗೆ ಮುಟ್ಟುವುದು ಸುಡುತ್ತಿದೆಯೆಂಬ ಸುದ್ದಿಯೇ. ಈ ಗ್ರಾಹಕವನ್ನು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಸಂಗಡಿಗರು 1997ರಲ್ಲಿ ಗುರುತಿಸಿದರು. 2021ರ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕದಲ್ಲಿ ಜೂಲಿಯಸ್ ಅವರಿಗೆ ಪಾಲು ದೊರೆಯಿತು. ಕ್ಯಾಪ್ಸೈಸಿನ್ ನೀರಿನಲ್ಲಿ ಸುಲಭವಾಗಿ ಕರಗದು. ಆದುದರಿಂದ ನೀರು ಕುಡಿದರೆ ಖಾರ ಇಳಿಯುವುದಿಲ್ಲ. ಬಟ್ಟಲಿನ ಮೇಲೆ ಹಾಕುವ ಗಟ್ಟಿ ಮೊಸರಿನ ಕೊಬ್ಬೂ ಪ್ರೋಟೀನೂ ಅದನ್ನು ಹಿಡಿದುಕೊಂಡು ಉರಿಯನ್ನು ಶಮನಗೊಳಿಸುತ್ತವೆ.

ಇನ್ನು ಬಡಿಸುವುದು. ಬಟ್ಟಲಿನ ತಳದಲ್ಲಿ ಅನ್ನ, ಅದರ ಮೇಲೆ ಕಾಳು, ಜೋಳ, ಕೋಳಿ. ಕೊನೆಯಲ್ಲಿ ಸಾಲ್ಸಾ, ಗ್ವಾಕಮೊಲೆ, ಮೊಸರು. ಬಿಸಿಯವು ಕೆಳಗೆ, ತಣ್ಣನೆಯವು ಮೇಲೆ.

ಉಳಿದ ಅನ್ನ

ಊಟ ಮುಗಿದರೂ ಉಷ್ಣಶಾಸ್ತ್ರದ ಕೆಲಸ ಮುಗಿಯುವುದಿಲ್ಲ. ಕೋಣೆಗಳಲ್ಲಿ ತಾವೇ ಅಡಿಗೆ ಮಾಡಿಕೊಳ್ಳುವ ವಿದ್ಯಾರ್ಥಿಗಳು ಈ ಭಾಗವನ್ನು ಗಮನವಿಟ್ಟು ಓದಬೇಕು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯದ ಬೀಜಕಗಳು ಇರುವುದು ಸಾಮಾನ್ಯ. ಬೀಜಕಗಳೆಂದರೆ ಗಟ್ಟಿ ಕವಚದೊಳಗೆ ನಿದ್ರಿಸುವ ರೂಪ. ಅವು ಕುದಿಯುವ ನೀರಿನಲ್ಲಿಯೂ ಸಾಯವು. ಅನ್ನವು 60 ಡಿಗ್ರಿಗಿಂತ ಕೆಳಗಿಳಿದು ಬೆಚ್ಚಗೆ ಉಳಿದರೆ ಅವು ಎಚ್ಚೆತ್ತು ವೃದ್ಧಿಯಾಗಿ ವಿಷವನ್ನು ಉತ್ಪತ್ತಿಮಾಡಬಲ್ಲವು. ವಾಂತಿ ಬರಿಸುವ ಆ ವಿಷವು ಮತ್ತೆ ಬಿಸಿಮಾಡಿದರೂ ನಾಶವಾಗುವುದಿಲ್ಲ. ವಾಸನೆ, ರುಚಿಗಳು ಕೆಟ್ಟೇ ಇರಬೇಕೆಂಬ ನಿಯಮವೂ ಇಲ್ಲ. 2008ರಲ್ಲಿ ಬೆಲ್ಜಿಯಂ ದೇಶದ 20 ವರ್ಷದ ವಿದ್ಯಾರ್ಥಿಯೊಬ್ಬನು, ಐದು ದಿನ ಹೊರಗೇ ಇದ್ದ ಗೋಧಿಯ ಶಾವಿಗೆಯಂತಹ ಸ್ಪಗೆಟಿಯನ್ನು ಬಿಸಿಮಾಡಿಕೊಂಡು ತಿಂದು, ಈ ಬ್ಯಾಕ್ಟೀರಿಯದ ವಿಷದಿಂದ ಆ ರಾತ್ರಿಯೇ ತೀರಿಕೊಂಡನು. ಇಂತಹ ಮರಣ ಬಹು ಅಪರೂಪ. ಆದರೆ ಹೊಟ್ಟೆ ಕೆಡುವುದು ಅಪರೂಪವಲ್ಲ.

ಪರಿಹಾರವು ಫೂರಿಯೆಯ ಅದೇ ನಿಯಮದಲ್ಲಿದೆ. ಶಾಖವು ಒಳಗೆ ಹೋಗಲು ದಪ್ಪದ ವರ್ಗಕ್ಕೆ ತಕ್ಕಷ್ಟು ಕಾಲ ಬೇಕಾದರೆ, ಹೊರಗೆ ಬರಲೂ ಅಷ್ಟೇ ಬೇಕು. ಪಾತ್ರೆಯಲ್ಲಿ 16 ಸೆಂಟಿಮೀಟರ್ ಎತ್ತರಕ್ಕೆ ಒತ್ತಿದ ಅನ್ನವನ್ನು ತಟ್ಟೆಯಲ್ಲಿ 2 ಸೆಂಟಿಮೀಟರ್ ದಪ್ಪಕ್ಕೆ ಹರಡಿದರೆ ದಪ್ಪವು ಎಂಟನೆಯ ಒಂದು ಭಾಗವಾಗುತ್ತದೆ; ಒಳಗಿನ ಶಾಖ ಮೇಲ್ಮೈಗೆ ಬರುವ ಕಾಲವು ಅರುವತ್ತನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಆದುದರಿಂದ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ ಆರಿಸಿ, ಎರಡು ಗಂಟೆಗಳೊಳಗಾಗಿ ತಂಪಾದ ಪೆಟ್ಟಿಗೆಯಲ್ಲಿ 5 ಡಿಗ್ರಿಗಿಂತ ಕೆಳಗೆ ಇಟ್ಟು, ಮರುದಿನವೇ ಚೆನ್ನಾಗಿ ಬಿಸಿಮಾಡಿ ಮುಗಿಸಬೇಕು. ಕಾಳು, ಕೋಳಿಗಳಿಗೂ ಇದೇ ಕ್ರಮ.

ಈ ಮಾತನ್ನು ನಂಬಿಕೆಯ ಮೇಲೆ ಒಪ್ಪಿಕೊಳ್ಳಬೇಕಾಗಿಲ್ಲ. ನೀವೇ ಪರೀಕ್ಷಿಸಿ ನೋಡಬಹುದು. ಬಿಸಿ ಅನ್ನವನ್ನು ಎರಡು ಸಮಭಾಗ ಮಾಡಿ, ಒಂದನ್ನು ಆಳವಾದ ಪಾತ್ರೆಯಲ್ಲಿ ಒತ್ತಿಡಿರಿ. ಇನ್ನೊಂದನ್ನು ತಟ್ಟೆಯಲ್ಲಿ ಹರಡಿರಿ. ಹತ್ತು ಹತ್ತು ನಿಮಿಷಕ್ಕೆ ಎರಡರ ನಡುಭಾಗದ ಉಷ್ಣತೆಯನ್ನೂ ಅಳೆದು ಒಂದೇ ನಕ್ಷೆಯ ಕಾಗದದ ಮೇಲೆ ಗುರುತಿಸಿರಿ. 60 ಡಿಗ್ರಿಯ ಕೆಳಗೆ, ಕೋಣೆಯ ಉಷ್ಣತೆಗೆ ಇಳಿಯುವವರೆಗೆ ಎರಡೂ ಎಷ್ಟೆಷ್ಟು ಹೊತ್ತು ಬೆಚ್ಚಗಿದ್ದವೆಂಬುದನ್ನು ಆ ಎರಡು ವಕ್ರರೇಖೆಗಳೇ ತಿಳಿಸುತ್ತವೆ.